ಮಂಡ್ಯದಲ್ಲಿ ಮಾಡಿಸಿದ ಒಂದೂವರೆ ಟನ್ನಿನ ಟ್ರೇಲರ್: ಕೊಂಡಿಯಿಂದ ಹಿಂದಿನ ದೀಪದವರೆಗೆ ಒಂದು ವಿಮರ್ಶೆ

ಮಿನಿ ಟ್ರ್ಯಾಕ್ಟರ್‌ಗೆ ಕಟ್ಟುವ, ಎರಡು ಗಾಲಿಯ, ಒಂದೂವರೆ ಟನ್ ಸಾಮರ್ಥ್ಯದ ಸಣ್ಣ ಟಿಪ್ಪಿಂಗ್ ಟ್ರೇಲರೊಂದನ್ನು ಮಂಡ್ಯ ನಗರದ ಹೊರವಲಯದ ವರ್ಕ್‌ಶಾಪೊಂದರಲ್ಲಿ ಹೇಳಿ ಮಾಡಿಸಿದೆವು. ಒಂದು ಕಬ್ಬಿನ ಹಂಗಾಮು ಪೂರ್ತಿ ಆಲೆಮನೆಗೆ ಕಬ್ಬು, ಗದ್ದೆಗೆ ಕೊಟ್ಟಿಗೆ ಗೊಬ್ಬರ, ಮನೆಕಟ್ಟುವ ಕೆಲಸಕ್ಕೆ ಎಂ-ಸ್ಯಾಂಡ್ ಮತ್ತು ಇಟ್ಟಿಗೆ, ಮಾರುಕಟ್ಟೆಗೆ ತೆಂಗಿನಕಾಯಿ ಹೀಗೆ ಎಲ್ಲದಕ್ಕೂ ಅದನ್ನು ಬಳಸಿದ ಮೇಲೆ ಈ ವಿಮರ್ಶೆಯನ್ನು ಬರೆಯುತ್ತಿದ್ದೇನೆ. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ತೊಟ್ಟಿ, ಚಾಸಿ ಮತ್ತು ಆಕ್ಸಲ್ ಕೊಟ್ಟ ಹಣಕ್ಕೆ ತಕ್ಕಂತಿವೆ. ಕೊಂಡಿಯ ಭಾಗ ಚೆನ್ನಾಗಿದೆ, ಆದರೆ ಅದರಲ್ಲಿ ಅರ್ಧದಷ್ಟು ಕೇಳಿ ಹಾಕಿಸಿಕೊಂಡದ್ದು. ದೀಪ ಮತ್ತು ಬ್ರೇಕಿನ ವಿಷಯದಲ್ಲಿ ಇದು ರಸ್ತೆಗಿಳಿಯಲು ಸಿದ್ಧವಾದ ಟ್ರೇಲರ್ ಎಂದು ಹೇಳಲಾರೆ. ಕೊಳ್ಳುವವರು ಸಾಮಾನ್ಯವಾಗಿ ತಗಡಿನ ದಪ್ಪ, ತೊಟ್ಟಿಯ ಅಳತೆ ಮತ್ತು ಬಣ್ಣ ನೋಡಿ ಮುಂಗಡ ಕೊಡುತ್ತಾರೆ. ಜೀವ ಉಳಿಸುವ ಭಾಗಗಳೆಲ್ಲ ಇರುವುದು ಟ್ರ್ಯಾಕ್ಟರ್‌ಗೂ ತೊಟ್ಟಿಗೂ ನಡುವಿನ ಮೊಳದಷ್ಟು ಜಾಗದಲ್ಲಿ, ಗಾಲಿಯ ಒಳಗೆ ಮತ್ತು ಟ್ರೇಲರ್‌ನ ಬೆನ್ನಿನಲ್ಲಿ. ಆದ್ದರಿಂದ ಈ ಬರಹವೂ ಬಹುಮಟ್ಟಿಗೆ ಆ ಮೂರು ಜಾಗಗಳ ಬಗ್ಗೆಯೇ ಇರುತ್ತದೆ.

ವರ್ಕ್‌ಶಾಪಿನ ಹೆಸರನ್ನು ಇಲ್ಲಿ ಕೊಟ್ಟಿಲ್ಲ. ಹೆಚ್ಚುಕಡಿಮೆ ಇದೇ ನಮೂನೆಯ ಟ್ರೇಲರನ್ನು ಮಂಡ್ಯ, ಮದ್ದೂರು, ಮೈಸೂರಿನ ಹಲವು ವರ್ಕ್‌ಶಾಪುಗಳು ಆರ್ಡರ್ ಮೇಲೆ ಮಾಡಿಕೊಡುತ್ತವೆ, ಯಾರ ಬಾಗಿಲಿಗೆ ಹೋದರೂ ನೋಡಬೇಕಾದ ಜಾಗಗಳು ಇವೇ.

ಮೊದಲು ತೂಕದ ಲೆಕ್ಕ. ತೊಟ್ಟಿಯ ಒಳ ಅಳತೆ 8 ಅಡಿ ಉದ್ದ, ನಾಲ್ಕೂವರೆ ಅಡಿ ಅಗಲ, ಒಂದೂವರೆ ಅಡಿ ಎತ್ತರ. ತಂದ ದಿನವೇ ವೇಬ್ರಿಡ್ಜ್‌ನಲ್ಲಿ ತೂಗಿಸಿದಾಗ ಖಾಲಿ ಟ್ರೇಲರ್ 620 ಕೆ.ಜಿ. ಬಂದಿತು. ಅದನ್ನು ಎಳೆಯುವ ನಮ್ಮ ಟ್ರ್ಯಾಕ್ಟರ್‌ನ ಸ್ವಂತ ತೂಕ 800 ಕೆ.ಜಿ.ಯ ಆಸುಪಾಸಿನಲ್ಲಿದೆ. ಪೂರ್ತಿ ಭಾರ ಹೊತ್ತಾಗ ಟ್ರೇಲರ್ ಎರಡು ಟನ್ ದಾಟುತ್ತದೆ. ಎಂದರೆ ಮುಂದೆ ಎಳೆಯುವ ಯಂತ್ರಕ್ಕಿಂತ ಹಿಂದೆ ಬರುವ ಭಾರವೇ ಎರಡೂವರೆ ಪಟ್ಟಿಗೂ ಹೆಚ್ಚು. ಈ ಒಂದು ಅಂಕಿಯನ್ನು ಮನಸ್ಸಿನಲ್ಲಿ ಇಟ್ಟುಕೊಂಡರೆ ಮುಂದೆ ಹೇಳುವ ಪ್ರತಿಯೊಂದು ಮಾತಿಗೂ ಕಾರಣ ತಾನಾಗಿ ತಿಳಿಯುತ್ತದೆ.

ತೊಟ್ಟಿ ತುಂಬಿತು ಎಂದರೆ ಭಾರ ಸರಿಯಾಯಿತು ಎಂದು ತಿಳಿಯುವುದು ಅಪಾಯಕಾರಿ. ಈ ತೊಟ್ಟಿಯ ಒಳಗೆ 54 ಘನ ಅಡಿ, ಎಂದರೆ ಸುಮಾರು ಒಂದೂವರೆ ಘನ ಮೀಟರ್ ಜಾಗವಿದೆ. ಭತ್ತವನ್ನು ಅಂಚಿನ ತನಕ ತುಂಬಿದರೂ ಒಂದು ಟನ್ನಿನೊಳಗೇ ಇರುತ್ತದೆ. ಅದೇ ಜಾಗಕ್ಕೆ ಎಂ-ಸ್ಯಾಂಡ್ ಸಮಮಟ್ಟಕ್ಕೆ ತುಂಬಿದರೆ ಎರಡೂವರೆ ಟನ್ ಆಗುತ್ತದೆ, ಮರಳು ಒದ್ದೆಯಾಗಿದ್ದರೆ ಇನ್ನೂ ಹೆಚ್ಚು. ಹೀಗಾಗಿ ತೊಟ್ಟಿಯ ಒಳಗೋಡೆಯ ಮೇಲೆ ತಳದಿಂದ ಹತ್ತು ಅಂಗುಲ ಎತ್ತರದಲ್ಲಿ ಬಿಳಿ ಬಣ್ಣದ ಗೆರೆಯೊಂದನ್ನು ಸುತ್ತಲೂ ಎಳೆಸಿದೆವು. ಮರಳು, ಜಲ್ಲಿ ಆ ಗೆರೆಯನ್ನು ದಾಟುವಂತಿಲ್ಲ. ಕ್ರಷರ್‌ನಲ್ಲಿ ಲೋಡ್ ಮಾಡುವವರಿಗೆ 30 ಘನ ಅಡಿ ಸಾಕು ಎಂದು ಮೊದಲೇ ಹೇಳುವುದು ವಾಡಿಕೆಯಾಗಿದೆ. ವರ್ಕ್‌ಶಾಪಿನವರು ತಾವಾಗಿಯೇ ಇಂತಹ ಗೆರೆಯೊಂದನ್ನು ಎಳೆದು ಕೊಟ್ಟರೆ ಅವರಿಗೆ ಒಂದು ಡಬ್ಬಿ ಬಣ್ಣದ ಖರ್ಚೂ ಬರುವುದಿಲ್ಲ. ಸಾಮರ್ಥ್ಯ ಎಷ್ಟೆಂದು ಬಾಯಲ್ಲಿ ಹೇಳುತ್ತಾರೆಯೇ ಹೊರತು ಚಾಸಿಯ ಮೇಲೆ ಅದನ್ನು ಕೆತ್ತಿದ ಫಲಕ ಹಾಕಿರಲಿಲ್ಲ. ಕೇಳಿದ ಮೇಲೆ ಹಾಕಿಕೊಟ್ಟರು.

ಇನ್ನು ಕೊಂಡಿ. ಈ ವರ್ಕ್‌ಶಾಪಿನ ಕೆಲಸದಲ್ಲಿ ನನಗೆ ಅತ್ಯಂತ ಮೆಚ್ಚುಗೆಯಾದ ಸಂಗತಿ ಇಲ್ಲಿಯೇ ಇದೆ. ಆರ್ಡರ್ ತೆಗೆದುಕೊಳ್ಳುವಾಗ ಮೇಸ್ತ್ರಿಯವರು ಮೊದಲು ಕೇಳಿದ್ದು ಟ್ರ್ಯಾಕ್ಟರ್‌ನ ಹಿಚ್ (ಟ್ರೇಲರ್ ಸಿಕ್ಕಿಸುವ ಜಾಗ) ನೆಲದಿಂದ ಎಷ್ಟು ಎತ್ತರದಲ್ಲಿದೆ ಎಂಬುದನ್ನು. ಟ್ರ್ಯಾಕ್ಟರನ್ನೇ ತಂದು ನಿಲ್ಲಿಸಿದರೆ ಇನ್ನೂ ಒಳ್ಳೆಯದು ಎಂದರು. ತಂದು ನಿಲ್ಲಿಸಿದ ಮೇಲೆ ಟೇಪು ಹಿಡಿದು ಅಳೆದು, ಭಾರ ಬಿದ್ದಾಗ ಸ್ಪ್ರಿಂಗ್ ಎಷ್ಟು ಕೂರುತ್ತದೆ ಎಂಬುದನ್ನೂ ಲೆಕ್ಕ ಹಿಡಿದು ಟ್ರೇಲರ್‌ನ ಮೂತಿಯ ಎತ್ತರವನ್ನು ನಿಗದಿ ಮಾಡಿದರು. ಇದರ ಫಲವಾಗಿ ಭಾರ ಹೊತ್ತ ಟ್ರೇಲರ್ ನೆಲಕ್ಕೆ ಸಮಾನಾಂತರವಾಗಿ ನಿಲ್ಲುತ್ತದೆ. ದೊಡ್ಡ ಟ್ರ್ಯಾಕ್ಟರ್‌ಗೆಂದು ಮಾಡಿದ ಟ್ರೇಲರನ್ನು ಎರವಲು ತಂದು ಮಿನಿ ಟ್ರ್ಯಾಕ್ಟರ್‌ಗೆ ಕಟ್ಟಿದವರಿಗೆ ಇದರ ಬೆಲೆ ಗೊತ್ತಿರುತ್ತದೆ: ಅಲ್ಲಿ ಮೂತಿ ಕೆಳಗೆ ಬಾಗಿ, ಭಾರವೆಲ್ಲ ಮುಂದಕ್ಕೆ ಜಾರಿ ಹಿಚ್‌ನ ಮೇಲೆ ಕೂರುತ್ತದೆ.

ಭಾರ ಮುಂದೆ ಎಷ್ಟು, ಹಿಂದೆ ಎಷ್ಟು ಎಂಬುದು ಒಂದೇ ಆಕ್ಸಲ್‌ನ ಟ್ರೇಲರ್‌ನಲ್ಲಿ ಎಲ್ಲಕ್ಕಿಂತ ಮುಖ್ಯ. ಎತ್ತಿನ ಗಾಡಿ ಹೊಡೆದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಮುಂಭಾರವಾದರೆ ನೊಗ ಎತ್ತಿನ ಹೆಗಲನ್ನು ಒತ್ತುತ್ತದೆ, ಹಿಂಭಾರವಾದರೆ ನೊಗ ಮೇಲೆದ್ದು ಕೊರಳಿಗೆ ಬಿಗಿಯುತ್ತದೆ. ಟ್ರ್ಯಾಕ್ಟರ್‌ನಲ್ಲಿಯೂ ಹೀಗೆಯೇ ಆಗುತ್ತದೆ. ಮುಂಭಾರ ಅತಿಯಾದರೆ ಟ್ರ್ಯಾಕ್ಟರ್‌ನ ಮುಂದಿನ ಚಕ್ರಗಳು ಹಗುರಾಗಿ ಸ್ಟೇರಿಂಗ್ ತಿರುಗಿಸಿದರೂ ದಿಕ್ಕು ಬದಲಾಗುವುದಿಲ್ಲ. ಹಿಂಭಾರವಾದರೆ ಟ್ರೇಲರ್‌ನ ಮೂತಿ ಟ್ರ್ಯಾಕ್ಟರ್‌ನ ಹಿಂಭಾಗವನ್ನು ಮೇಲೆತ್ತುತ್ತದೆ. ಮಿನಿ ಟ್ರ್ಯಾಕ್ಟರ್‌ಗಳ ಬ್ರೇಕು ಇರುವುದು ಹಿಂದಿನ ಚಕ್ರಗಳಿಗೆ ಮಾತ್ರವಾದ್ದರಿಂದ ಆ ಹೊತ್ತಿಗೆ ಬ್ರೇಕು ಒತ್ತಿದರೂ ಹಿಡಿಯುವುದಿಲ್ಲ. ಈ ಟ್ರೇಲರ್‌ನಲ್ಲಿ ಆಕ್ಸಲ್ಲನ್ನು ತೊಟ್ಟಿಯ ನಟ್ಟನಡುವಿಗಿಂತ ಸ್ವಲ್ಪ ಹಿಂದಕ್ಕೆ ಕೂರಿಸಿದ್ದಾರೆ. ಸಮನಾಗಿ ಹರಡಿದ ಭಾರದಲ್ಲಿ ಸಣ್ಣದೊಂದು ಪಾಲು ತಾನಾಗಿಯೇ ಹಿಚ್‌ನ ಮೇಲೆ ಬೀಳುವಂತೆ ಮಾಡಿರುವ ಈ ಏರ್ಪಾಡು ಸರಿಯಾಗಿದೆ.

ಆದರೆ ಕಬ್ಬು ಹೇರುವಾಗ ಈ ಲೆಕ್ಕ ತಲೆಕೆಳಗಾಗುತ್ತದೆ. ಎಂಟು ಅಡಿಯ ತೊಟ್ಟಿಗಿಂತ ಉದ್ದದ ಜಲ್ಲೆಗಳು ಹಿಂಬಾಗಿಲನ್ನು ದಾಟಿ ಚಾಚಿಕೊಳ್ಳುತ್ತವೆ, ಕಟ್ಟಿದ ಹೊರೆಯ ಬುಡದ ಭಾರವೆಲ್ಲ ಹಿಂದಕ್ಕೆ ಹೋಗುತ್ತದೆ. ಬುಡವನ್ನು ಮುಂದಕ್ಕೂ ಸೋಗೆ ತೆಗೆದ ತುದಿಯನ್ನು ಹಿಂದಕ್ಕೂ ಮಾಡಿ ಹೇರಿದರೆ ಸಮತೋಲ ಉಳಿಯುತ್ತದೆ. ಹೇರುವ ಆಳುಗಳಿಗೆ ಇದನ್ನು ಮೊದಲ ಹೊರೆಗೇ ಹೇಳಬೇಕು. ಅರ್ಧ ಹೇರಿದ ಮೇಲೆ ಹೇಳಿದರೆ ಯಾರೂ ಇಳಿಸಿ ಮತ್ತೆ ಹೇರುವುದಿಲ್ಲ. ಭಾರ ಇಳಿಸುವಾಗಲೂ ಅಷ್ಟೇ, ಮುಂದಿನ ಭಾಗವನ್ನೆಲ್ಲ ಮೊದಲು ಖಾಲಿ ಮಾಡಿ, ಹಿಂದೆ ಭಾರ ಉಳಿದಿರುವಾಗ ಕೊಂಡಿಯನ್ನು ಹಿಚ್‌ಗೆ ಹಿಡಿದಿಡುವ ಪಿನ್ನು ಕಳಚಿದರೆ ಮೂತಿ ಥಟ್ಟನೆ ಮೇಲೆದ್ದು ಎದುರಿಗಿರುವವರ ಗಲ್ಲಕ್ಕೆ ಬಡಿಯುತ್ತದೆ. ಟ್ರೇಲರ್ ಪೂರ್ತಿ ಖಾಲಿಯಾದ ಮೇಲೆ, ಗಾಲಿಗೆ ಎರಡೂ ಕಡೆ ಮರದ ಅಡ್ಡೆ ಕೊಟ್ಟ ಮೇಲೆ, ಮುಂದಿನ ಸ್ಟ್ಯಾಂಡು ಇಳಿಸಿದ ಮೇಲೆಯೇ ಪಿನ್ನು ತೆಗೆಯಬೇಕು.

ಕೊಂಡಿಯ ಉಂಗುರವನ್ನು ದಪ್ಪ ಉಕ್ಕಿನಲ್ಲಿ ಮಾಡಿ, ಚಾಸಿಯ ಎರಡು ಸಿ-ಚಾನೆಲ್‌ಗಳು ಮುಂದೆ ಕೂಡುವ ಜಾಗದಲ್ಲಿ ಮೇಲೆ ಕೆಳಗೆ ಎರಡೂ ಕಡೆ ತಟ್ಟೆ ಕೊಟ್ಟು ಬೆಸೆದಿದ್ದಾರೆ. ವೆಲ್ಡಿಂಗ್ ಸಾಲು ಒಂದೇ ಸಮನಾಗಿದೆ, ತೂತುಗಳಿಲ್ಲ. ಹಂಗಾಮು ಮುಗಿದ ಮೇಲೆ ಮಣ್ಣು ತೊಳೆದು, ತಂತಿಯ ಬ್ರಷ್‌ನಿಂದ ಉಜ್ಜಿ, ಬೆಳಕಿಗೆ ಹಿಡಿದು ನೋಡಿದಾಗ ಎಲ್ಲಿಯೂ ಕೂದಲೆಳೆಯಷ್ಟು ಬಿರುಕೂ ಕಾಣಲಿಲ್ಲ. ಬಣ್ಣದ ಮೇಲೆ ತುಕ್ಕಿನ ಸಣ್ಣ ಗೆರೆ ಕಂಡರೆ ಅದರಡಿಯಲ್ಲಿ ಬಿರುಕು ಇದೆ ಎಂದೇ ತಿಳಿಯಬೇಕು. ಹಳೆಯ ಟ್ರೇಲರ್ ಕೊಳ್ಳುವವರು ಹೊಸ ಬಣ್ಣ ಬಳಿದದ್ದನ್ನು ಕಂಡು ಸಂತೋಷಪಡದೆ ಈ ಜಾಗದ ಬಣ್ಣವನ್ನು ಕೆರೆದು ನೋಡುವುದು ಒಳ್ಳೆಯದು.

ಪಿನ್ನಿನ ವಿಷಯಕ್ಕೆ ಬಂದರೆ, ಟ್ರೇಲರ್ ಜೊತೆ ಕೊಟ್ಟದ್ದು ಹದ ಮಾಡಿದ ಉಕ್ಕಿನ ಪಿನ್ನು. ಕೆಳತುದಿಯ ತೂತಿಗೆ ಕ್ಲಿಪ್ಪು, ಆ ಕ್ಲಿಪ್ಪು ಕಳೆಯದಂತೆ ಸಣ್ಣ ಸರಪಳಿ ಇದೆ. ಪಿನ್ನು ಕಳೆದುಹೋದಾಗ ಕಟ್ಟಡದ ಕಂಬಿಯ ತುಂಡನ್ನು ಬಗ್ಗಿಸಿ ಹಾಕುವುದು ನಮ್ಮ ಕಡೆ ಎಲ್ಲೆಲ್ಲೂ ಕಾಣುವ ರೂಢಿ. ಆ ಕಂಬಿ ಉಂಗುರಕ್ಕಿಂತ ತೆಳುವಾಗಿ ಒಳಗೆ ಆಡುತ್ತದೆ, ಪ್ರತಿ ಗುಂಡಿಗೂ ಏಟು ತಿಂದು ಬಾಗುತ್ತದೆ, ಕ್ಲಿಪ್ಪಿಲ್ಲದ ಕಾರಣ ಒಂದು ದೊಡ್ಡ ಕುಲುಕಿಗೆ ಮೇಲೆ ಹಾರಿಬಿಡುತ್ತದೆ. ಬಿಡಿ ಪಿನ್ನೊಂದನ್ನು ಟ್ರ್ಯಾಕ್ಟರ್‌ನ ಟೂಲ್ ಬಾಕ್ಸಿನಲ್ಲಿ ಇಟ್ಟುಕೊಂಡರೆ ಈ ಕಂಬಿಯ ಮಾತೇ ಬರುವುದಿಲ್ಲ.

ಸುರಕ್ಷತಾ ಸರಪಳಿ ಮಾತ್ರ ಮೂಲ ಬೆಲೆಯಲ್ಲಿ ಸೇರಿರಲಿಲ್ಲ. ಕೇಳಿದಾಗ ಮೇಸ್ತ್ರಿ, "ಅಣ್ಣ, ಚೈನು ಯಾರೂ ಕೇಳಲ್ಲ, ನೀವು ಕೇಳಿದ್ರೆ ಹಾಕ್ಕೊಡ್ತೀವಿ" ಎಂದರು, ಹಾಕಿಯೂ ಕೊಟ್ಟರು. ಪಿನ್ನು ಮುರಿದರೆ ಅಥವಾ ಹಾರಿದರೆ ಎರಡು ಟನ್ನಿನ ವಸ್ತುವನ್ನು ಹಿಡಿದಿಡಬೇಕಾದದ್ದು ಈ ಸರಪಳಿ ಒಂದೇ. ಆದ್ದರಿಂದ ಅಂಗಡಿಯಲ್ಲಿ ಸಿಕ್ಕ ಯಾವುದೋ ಸರಪಳಿ ಆಗುವುದಿಲ್ಲ, ಅದರ ಕೆಲಸದ ಭಾರ (ಸುರಕ್ಷಿತವಾಗಿ ಹೊರಬಲ್ಲ ಗರಿಷ್ಠ ಭಾರ) ಟ್ರೇಲರ್‌ನ ಒಟ್ಟು ತೂಕಕ್ಕಿಂತ ಹೆಚ್ಚಿರಬೇಕು. ಗ್ರೇಡ್ 80 ಎಂಬ ಗಟ್ಟಿ ಉಕ್ಕಿನ 8 ಮಿ.ಮೀ. ಸರಪಳಿಯ ಕೆಲಸದ ಭಾರ 2 ಟನ್, 10 ಮಿ.ಮೀ.ನದ್ದು 3.15 ಟನ್, ನಮ್ಮ ಟ್ರೇಲರ್‌ನ ಒಟ್ಟು ತೂಕ 2,120 ಕೆ.ಜಿ. ಆಗುವುದರಿಂದ 10 ಮಿ.ಮೀ.ನದ್ದನ್ನೇ ಹಾಕಿಸಿದೆವು. ಎರಡು ಸರಪಳಿಗಳನ್ನು ಮೂತಿಯ ಕೆಳಗೆ ಒಂದನ್ನೊಂದು ದಾಟುವಂತೆ ಅಡ್ಡಡ್ಡವಾಗಿ ಕಟ್ಟಿದರೆ ಪಿನ್ನು ಕಳಚಿದಾಗ ಮೂತಿ ನೆಲಕ್ಕೆ ನಾಟದೆ ಸರಪಳಿಗಳ ಮೇಲೆ ಕೂರುತ್ತದೆ. ಪೂರ್ತಿ ತಿರುವಿಗೆ ಬೇಕಾದಷ್ಟು ಸಡಿಲ ಇರಬೇಕು, ರಸ್ತೆಗೆ ಉಜ್ಜುವಷ್ಟು ಇರಬಾರದು. ಸರಪಳಿಗೆ ಬೇರೆ ಹಣ ಕೇಳುವುದರಲ್ಲಿ ನನಗೆ ತಕರಾರಿಲ್ಲ. ಅದನ್ನು ಕೇಳಿದವರಿಗೆ ಮಾತ್ರ ಕೊಡುವ ಪದ್ಧತಿಗೆ ಗಟ್ಟಿಯಾದ ತಕರಾರಿದೆ.

ಕಟ್ಟುವ ಜಾಗದ ಬಗ್ಗೆ ಇನ್ನೊಂದು ಮಾತು. ಗದ್ದೆಯಿಂದ ನಾಲೆಯ ಏರಿಗೆ ಹತ್ತುವ ಕಡೆ ಟ್ರೇಲರ್ ಹೂತುಕೊಂಡರೆ ಕೆಲವರು ಹಗ್ಗವನ್ನು ಟ್ರ್ಯಾಕ್ಟರ್‌ನ ಮೇಲಿನ ಲಿಂಕ್ ಕಟ್ಟುವ ಕಣ್ಣಿಗೋ ಆಕ್ಸಲ್ಲಿಗೋ ಬಿಗಿದು ಎಳೆಯುತ್ತಾರೆ. ಹಿಂದಿನ ಆಕ್ಸಲ್‌ನ ಮಟ್ಟಕ್ಕೋ ಅದಕ್ಕಿಂತ ಮೇಲಕ್ಕೋ ಕಟ್ಟಿ ಎಳೆದಾಗ ಭಾರ ಟ್ರ್ಯಾಕ್ಟರನ್ನು ಹಿಂದಕ್ಕೆ ಮಗುಚುತ್ತದೆ. ಮುಂದಿನ ಚಕ್ರ ನೆಲ ಬಿಟ್ಟ ಮೇಲೆ ಕ್ಲಚ್ ಒತ್ತಬೇಕೆಂದು ತೋಚುವಷ್ಟರಲ್ಲಿ ಎಲ್ಲ ಮುಗಿದಿರುತ್ತದೆ, ಏಕೆಂದರೆ ಪೂರ್ತಿ ಮಗುಚಲು ಎರಡು ಸೆಕೆಂಡೂ ಬೇಕಾಗುವುದಿಲ್ಲ. ಎಳೆಯುವುದೇನಿದ್ದರೂ ಕೆಳಗಿನ ಡ್ರಾಬಾರ್‌ನಿಂದಲೇ (ಎಳೆಯಲೆಂದೇ ಇರುವ ಪಟ್ಟಿ) ಎಳೆಯಬೇಕು.

ಗಾಲಿಗಳು 6.00-16 ಅಳತೆಯವು. ಸೆಕೆಂಡ್ ಹ್ಯಾಂಡ್ ಅಥವಾ ರೀಸೋಲ್ ಟೈರು ಹಾಕಿದರೆ ಬೆಲೆ ಇಳಿಸುತ್ತೇವೆ ಎಂದು ವರ್ಕ್‌ಶಾಪಿನವರು ಮುಚ್ಚುಮರೆಯಿಲ್ಲದೆ ಹೇಳಿದ್ದು ಪ್ರಾಮಾಣಿಕವಾದ ನಡೆ, ಆದರೂ ಆ ಆಯ್ಕೆಯನ್ನು ಯಾರಿಗೂ ಸೂಚಿಸಲಾರೆ. ಹೊಸ ಟೈರಿನ ಮೇಲೂ ಎರಡು ಬರಹಗಳನ್ನು ಓದಬೇಕು. ಒಂದು, ಟೈರು ಹೊರಬಲ್ಲ ಗರಿಷ್ಠ ಭಾರ ಮತ್ತು ಅದಕ್ಕೆ ಬೇಕಾದ ಗಾಳಿ. ಎರಡು ಟೈರುಗಳ ಭಾರ ಕೂಡಿಸಿದರೆ ಟ್ರೇಲರ್‌ನ ಒಟ್ಟು ತೂಕಕ್ಕಿಂತ ಹೆಚ್ಚು ಬರಬೇಕು. ಇನ್ನೊಂದು, ತಯಾರಾದ ವಾರ ಮತ್ತು ವರ್ಷವನ್ನು ತಿಳಿಸುವ ನಾಲ್ಕು ಅಂಕಿಗಳು. 1524 ಎಂದಿದ್ದರೆ 2024ರ ಹದಿನೈದನೆಯ ವಾರ. ಟ್ರೇಲರ್ ಟೈರುಗಳು ಸವೆದು ಹಾಳಾಗುವುದಕ್ಕಿಂತ ಬಿಸಿಲಿನಲ್ಲಿ ನಿಂತು ಬಿರುಕುಬಿಟ್ಟು ಹಾಳಾಗುವುದೇ ಹೆಚ್ಚು. ಹಂಗಾಮಿಲ್ಲದ ತಿಂಗಳುಗಳಲ್ಲಿ ನಮ್ಮ ಟ್ರೇಲರನ್ನು ಆಕ್ಸಲ್ ಕೆಳಗೆ ಕಲ್ಲು ಕೊಟ್ಟು, ನೆರಳಿನಲ್ಲಿ ನಿಲ್ಲಿಸುತ್ತೇವೆ.

ಈ ಟ್ರೇಲರ್‌ನಲ್ಲಿ ದೋಷವೆಂದು ಬರೆಯಬೇಕಾದದ್ದು ಹಬ್ಬಿನದು, ಎಂದರೆ ಗಾಲಿಯ ನಡುವೆ ಬೇರಿಂಗ್ ಕೂರುವ ಭಾಗದ್ದು. ಬಳಕೆಗೆ ತಂದ ಹೊಸದರಲ್ಲೇ ಎಡಗಾಲಿಯ ಹಬ್ಬಿನ ಮುಚ್ಚಳ ಸಡಿಲವಾಗಿ ಎಲ್ಲಿಯೋ ಬಿದ್ದುಹೋಯಿತು. ಕೆಸರುಗದ್ದೆಗೆ ಇಳಿಯುವ ಟ್ರೇಲರ್‌ಗೆ ಇದು ಸಣ್ಣ ವಿಷಯವಲ್ಲ. ಮುಚ್ಚಳವಿಲ್ಲದ ಹಬ್ಬಿನೊಳಗೆ ನೀರು, ಮಣ್ಣು ಸೇರಿ ಗ್ರೀಸು ಕೆಟ್ಟು, ಟೇಪರ್ ಬೇರಿಂಗ್ ಬಿಸಿಯಾಗಿ ಕಚ್ಚಿಕೊಂಡರೆ ಗಾಲಿಯೇ ಕಳಚಿ ಹೋಗಬಹುದು. ವರ್ಕ್‌ಶಾಪಿನವರು ಹಣ ಕೇಳದೆ ಎರಡೂ ಕಡೆ ಹೊಸ ಮುಚ್ಚಳ ಹಾಕಿ, ಬೇರಿಂಗ್ ತೊಳೆದು ಹೊಸ ಗ್ರೀಸು ತುಂಬಿಕೊಟ್ಟರು. ಆದರೆ ಟ್ರೇಲರನ್ನು ನಾವೇ ಅಲ್ಲಿಗೆ ಎಳೆದುಕೊಂಡು ಹೋಗಬೇಕಾಯಿತು. ಹಬ್ಬು ಕೆಟ್ಟಿರುವ ಟ್ರೇಲರನ್ನು ರಸ್ತೆಯಲ್ಲಿ ಎಳೆಸುವುದು ಸರಿಯಾದ ಸೇವೆಯಲ್ಲ, ಒಬ್ಬ ಹುಡುಗನನ್ನು ಗ್ರೀಸ್ ಡಬ್ಬಿಯ ಜೊತೆ ಕಳುಹಿಸಿದ್ದರೆ ಸಾಕಾಗಿತ್ತು.

ಹಬ್ಬನ್ನು ಪರೀಕ್ಷಿಸಲು ಮೆಕ್ಯಾನಿಕ್ ಬೇಕಾಗಿಲ್ಲ. ಖಾಲಿ ಟ್ರೇಲರ್‌ನ ಒಂದು ಬದಿಯನ್ನು ಜ್ಯಾಕಿನಲ್ಲಿ ಎತ್ತಿ, ಇನ್ನೊಂದು ಗಾಲಿಗೆ ಅಡ್ಡೆ ಕೊಟ್ಟು, ಎತ್ತಿದ ಗಾಲಿಯನ್ನು ಮೇಲೊಂದು ಕೈ ಕೆಳಗೊಂದು ಕೈ ಹಿಡಿದು ಅಲುಗಿಸಬೇಕು. ಲಟಲಟ ಎಂದು ಆಡಿದರೆ ಬೇರಿಂಗ್ ಸಡಿಲವಾಗಿದೆ ಅಥವಾ ಸವೆದಿದೆ. ಕೈಯಿಂದ ತಿರುಗಿಸಿದಾಗ ಗರಗರ ಸದ್ದು ಬಂದರೆ ಒಳಗೆ ಮಣ್ಣು ಸೇರಿದೆ ಅಥವಾ ಬೇರಿಂಗ್ ತಿಂದುಹೋಗಿದೆ. ಹಬ್ಬಿನ ನಟ್ಟಿಗೆ ಸ್ಪ್ಲಿಟ್ ಪಿನ್ ಇದೆಯೇ, ಅದರ ಕಾಲುಗಳನ್ನು ಬಗ್ಗಿಸಿದ್ದಾರೆಯೇ ಎಂದು ಕಣ್ಣಾರೆ ನೋಡಬೇಕು. ಹೇರು ಹೊತ್ತು ದೂರ ಸಾಗಿ ಬಂದ ಮೇಲೆ ಎರಡೂ ಹಬ್ಬುಗಳ ಹತ್ತಿರ ಅಂಗೈ ಹಿಡಿದರೆ ಸಾಕು. ಒಂದು ಬೆಚ್ಚಗಿದ್ದು ಇನ್ನೊಂದು ಮುಟ್ಟಲಾಗದಷ್ಟು ಕಾದಿದ್ದರೆ ಅದನ್ನು ಬಿಚ್ಚಿ ನೋಡದೆ ಮತ್ತೆ ಹೇರಬಾರದು. ಗಾಲಿಯ ನಟ್ಟುಗಳನ್ನು ಮೊದಲ ಹೇರಿನ ನಂತರ ಮತ್ತು ಮೊದಲ 50 ಕಿ.ಮೀ. ಓಡಿದ ಮೇಲೆ ಎದುರುಬದುರಾಗಿ ಮತ್ತೆ ಬಿಗಿಯಬೇಕು, ಹೊಸ ಬಣ್ಣದ ಮೇಲೆ ಕೂತ ನಟ್ಟು ಬಣ್ಣ ಉದುರಿದಂತೆ ಸಡಿಲವಾಗುತ್ತದೆ. ಸ್ಪ್ರಿಂಗ್ ಪ್ಲೇಟುಗಳನ್ನು ಹಿಡಿದಿರುವ ಯು-ಬೋಲ್ಟ್‌ಗಳಿಗೂ ಇದೇ ಮಾತು.

ಬ್ರೇಕು ಈ ಟ್ರೇಲರ್‌ನ ದುರ್ಬಲ ಭಾಗ. ನಿಲ್ಲಿಸಿದಾಗ ಎಳೆಯುವ ಕೈ ಬ್ರೇಕು ಒಂದಿದೆ, ಓಡುವಾಗ ಹಿಡಿಯುವ ಬ್ರೇಕು ಇಲ್ಲ. ಈ ಬೆಲೆಯ ಟ್ರೇಲರ್‌ಗಳಲ್ಲಿ ಇದೇ ರೂಢಿಯಾದರೂ ರೂಢಿ ಎಂದ ಮಾತ್ರಕ್ಕೆ ಅಪಾಯ ಕಡಿಮೆಯಾಗುವುದಿಲ್ಲ. ಎರಡು ಟನ್ನನ್ನು 800 ಕೆ.ಜಿ.ಯ ಟ್ರ್ಯಾಕ್ಟರ್‌ನ ಎರಡು ಚಕ್ರಗಳೇ ನಿಲ್ಲಿಸಬೇಕು. ವೇಗ ಎರಡು ಪಟ್ಟಾದರೆ ಬ್ರೇಕು ಹೀರಬೇಕಾದ ಶಕ್ತಿ ನಾಲ್ಕು ಪಟ್ಟಾಗುತ್ತದೆ. ಹೇರು ಇದ್ದಾಗ ಗಂಟೆಗೆ 20 ಕಿ.ಮೀ. ದಾಟಬಾರದು ಎಂಬ ನಮ್ಮ ಮನೆಯ ನಿಯಮಕ್ಕೆ ಇದೇ ಕಾರಣ. ಡಾಂಬರು ರಸ್ತೆಗೆ ಬಂದ ಕೂಡಲೇ ಟ್ರ್ಯಾಕ್ಟರ್‌ನ ಎಡ ಬಲ ಬ್ರೇಕ್ ಪೆಡಲ್‌ಗಳನ್ನು ಕೊಂಡಿ ಹಾಕಿ ಒಂದು ಮಾಡಬೇಕು. ಗದ್ದೆಯಲ್ಲಿ ತಿರುಗಲೆಂದು ಬಿಡಿಯಾಗಿಟ್ಟ ಪೆಡಲ್‌ಗಳಲ್ಲಿ ಒಂದನ್ನೇ ರಸ್ತೆಯಲ್ಲಿ ಒತ್ತಿದರೆ ಟ್ರ್ಯಾಕ್ಟರ್ ಒಂದು ಬದಿಗೆ ತಿರುಗುತ್ತದೆ, ಹಿಂದಿನ ಟ್ರೇಲರ್ ಅದನ್ನು ಅಡ್ಡಕ್ಕೆ ನೂಕಿಬಿಡುತ್ತದೆ.

ಜಕ್ಕನಹಳ್ಳಿ ಕಡೆಯಿಂದ ಮೇಲುಕೋಟೆಗೆ ಹತ್ತಿ ಇಳಿಯುವಂತಹ ರಸ್ತೆಯಲ್ಲಿ ಈ ಕೊರತೆ ಚೆನ್ನಾಗಿ ಅರಿವಾಗುತ್ತದೆ. ಡೀಸೆಲ್ ಉಳಿಸಲು ಇಳಿಜಾರಿನಲ್ಲಿ ನ್ಯೂಟ್ರಲ್ ಮಾಡುವ ಚಾಲಕರನ್ನು ನಾನು ಬಲ್ಲೆ. ಅವರ ಕೈಗೆ ಈ ಟ್ರೇಲರನ್ನು ಕೊಡುವುದಿಲ್ಲ. ಹತ್ತುವಾಗ ಯಾವ ಗೇರು ಬೇಕೋ ಇಳಿಯುವಾಗಲೂ ಅದೇ ಗೇರು, ಅದನ್ನು ಇಳಿಜಾರು ಶುರುವಾಗುವ ಮುಂಚೆಯೇ ಹಾಕಿಕೊಳ್ಳಬೇಕು, ಕ್ಲಚ್ ಮುಟ್ಟಬಾರದು. ನಾಲ್ಕೂ ಚಕ್ರಕ್ಕೆ ಚಾಲನೆಯಿರುವ ಮಿನಿ ಟ್ರ್ಯಾಕ್ಟರ್ ಆದರೆ ಇಳಿಜಾರಿನಲ್ಲಿ ಅದನ್ನು ಹಾಕಿಕೊಂಡು ಇಳಿಯುವುದರಿಂದ ಮುಂದಿನ ಚಕ್ರಗಳೂ ಹಿಡಿತಕ್ಕೆ ಬರುತ್ತವೆ. ವಿಶ್ವೇಶ್ವರಯ್ಯ ನಾಲೆಯ ಏರಿಯ ಮೇಲಿನ ರಸ್ತೆಗಳಲ್ಲಿ ಇಳಿಜಾರಿಲ್ಲದಿದ್ದರೂ ಅಂಚು ಕುಸಿಯುವ ಭಯವಿದೆ. 2018ರ ನವೆಂಬರ್‌ನಲ್ಲಿ ಪಾಂಡವಪುರ ತಾಲ್ಲೂಕಿನ ಕನಗನಮರಡಿ ಬಳಿ ಬಸ್ಸು ನಾಲೆಗೆ ಬಿದ್ದು 30 ಮಂದಿ ತೀರಿಕೊಂಡದ್ದನ್ನು ಈ ಜಿಲ್ಲೆಯವರು ಯಾರೂ ಮರೆತಿಲ್ಲ. ಏರಿಯ ಮೇಲೆ ಎದುರಿನಿಂದ ವಾಹನ ಬಂದರೆ ಹೇರು ಹೊತ್ತ ಟ್ರೇಲರನ್ನು ನೀರಿನ ಬದಿಗೆ ಒತ್ತಿಕೊಂಡು ಜಾಗ ಕೊಡಬಾರದು, ನಿಂತುಬಿಡಬೇಕು. ಖಾಲಿ ವಾಹನದವರು ಹಿಂದೆ ಸರಿಯಲಿ.

ದೀಪಗಳ ಬಗ್ಗೆ ವರ್ಕ್‌ಶಾಪಿನವರ ಉದಾಸೀನ ನನಗೆ ಬೇಸರ ತಂದಿತು. ಹಿಂದೆ ಎರಡು ಕೆಂಪು ದೀಪ, ಇಂಡಿಕೇಟರ್, ಏಳು ಪಿನ್ನಿನ ಪ್ಲಗ್ಗು ಎಲ್ಲ ಇದ್ದವು, ಆದರೆ ಅರ್ಥ್ ವೈರನ್ನು ಎಳೆಯದೆ ಕೊಂಡಿಯ ಕಬ್ಬಿಣದ ಮೂಲಕವೇ ಅರ್ಥ್ ಸಿಗಲಿ ಎಂದು ಬಿಟ್ಟಿದ್ದರು. ಕೊಂಡಿಯ ನಡುವೆ ಗ್ರೀಸು, ಮಣ್ಣು, ತುಕ್ಕು ಇರುತ್ತದೆ; ಟ್ರೇಲರ್ ಕುಲುಕಿದಂತೆಲ್ಲ ದೀಪ ಹತ್ತುವುದು ಆರುವುದು ನಡೆದೇ ಇತ್ತು. ಪ್ಲಗ್ಗಿನಲ್ಲಿ ಅರ್ಥ್‌ಗೆಂದೇ ಪಿನ್ನಿದೆ. ಅದರಿಂದ ದೀಪದವರೆಗೆ ಪ್ರತ್ಯೇಕ ವೈರು ಎಳೆಸಿದ ಮೇಲೆ ತೊಂದರೆ ನಿಂತಿತು. ವೈರನ್ನು ಚಾಸಿಯ ಒಳಬದಿಗೆ ಕೊಳವೆಯಲ್ಲಿ ಹಾಯಿಸಿರುವುದರಿಂದ ಗದ್ದೆಯ ಕೂಳೆಗೆ ಸಿಕ್ಕಿ ಕಿತ್ತುಹೋಗುವುದಿಲ್ಲ, ಅಷ್ಟನ್ನು ಅವರು ಚೆನ್ನಾಗಿ ಮಾಡಿದ್ದಾರೆ.

ಇದಕ್ಕಿಂತ ದೊಡ್ಡ ಸಮಸ್ಯೆ, ಹೇರಿದ ಕಬ್ಬು ಜೋತುಬಿದ್ದು ಹಿಂದಿನ ದೀಪ, ರಿಫ್ಲೆಕ್ಟರ್ ಎರಡನ್ನೂ ಮುಚ್ಚಿಬಿಡುವುದು. ಬೆಂಗಳೂರು-ಮೈಸೂರು ಹೆದ್ದಾರಿಯ ಮುಖ್ಯ ಪಥಗಳಲ್ಲಿ 2023ರ ಆಗಸ್ಟ್ 1ರಿಂದ ಬೈಕು, ಆಟೋಗಳ ಜೊತೆ ಟ್ರ್ಯಾಕ್ಟರ್‌ಗಳಿಗೂ ಪ್ರವೇಶ ಇಲ್ಲವಾದ್ದರಿಂದ ಇವೆಲ್ಲವೂ ಸರ್ವಿಸ್ ರಸ್ತೆಯನ್ನೇ ಹಂಚಿಕೊಳ್ಳುತ್ತಿವೆ. ಅಲ್ಲಿ ರಾತ್ರಿ ಹಿಂದಿನಿಂದ ಬರುವ ಬೈಕಿನವನಿಗೆ ದೀಪವಿಲ್ಲದ ಕಬ್ಬಿನ ಹೇರು ಕಾಣುವುದು ತೀರ ಹತ್ತಿರ ಬಂದ ಮೇಲೆಯೇ. ಎದುರು ವಾಹನದ ಬೆಳಕು ಕಣ್ಣಿಗೆ ಹೊಡೆದರಂತೂ ಕಾಣುವುದೇ ಇಲ್ಲ. ಸಂಕ್ರಾಂತಿಯ ಆಸುಪಾಸಿನ ಮಂಜಿನ ಬೆಳಗುಗಳಲ್ಲಿಯೂ ಹೀಗೆಯೇ. ನಾವು ಒಂದು ಹಲಗೆಗೆ ಎರಡು ದೀಪ, ಕೆಂಪು ರಿಫ್ಲೆಕ್ಟರ್ ಪಟ್ಟಿ ಅಂಟಿಸಿ, ಉದ್ದನೆಯ ವೈರು ಕೊಟ್ಟು, ಕಬ್ಬು ಹೇರಿದಾಗ ಹೇರಿನ ಕಟ್ಟಕಡೆಯ ತುದಿಗೆ ಅದನ್ನು ಕಟ್ಟುತ್ತೇವೆ. ಹಿಂದೆ ಕೆಂಪು, ಪಕ್ಕಕ್ಕೆ ಹಳದಿ, ಮುಂದೆ ಬಿಳಿ ಎಂಬ ಕ್ರಮದಲ್ಲಿ ಪಟ್ಟಿಗಳನ್ನು ಅಂಟಿಸಿದ್ದೇವೆ. ವಾರಕ್ಕೊಮ್ಮೆ ಒದ್ದೆ ಬಟ್ಟೆಯಲ್ಲಿ ಒರೆಸದಿದ್ದರೆ ಧೂಳು ಕೂತ ಪಟ್ಟಿ ಇದ್ದೂ ಇಲ್ಲದಂತೆ. ಕಬ್ಬಿನ ನಾಡಿನಲ್ಲಿ ಟ್ರೇಲರ್ ಮಾಡುವವರು ಇಂತಹ ಹಲಗೆಯನ್ನು ಟ್ರೇಲರ್ ಜೊತೆಯಲ್ಲೇ ಕೊಡಬೇಕು ಎಂದು ಅವರಿಗೆ ನೇರವಾಗಿಯೇ ಹೇಳಿದ್ದೇನೆ.

ಟಿಪ್ಪಿಂಗ್ ವ್ಯವಸ್ಥೆ ಚೆನ್ನಾಗಿದೆ. ಟ್ರ್ಯಾಕ್ಟರ್‌ನ ಹೈಡ್ರಾಲಿಕ್‌ಗೆ ಪೈಪು ಸಿಕ್ಕಿಸಿದರೆ ತೊಟ್ಟಿ ನಿಧಾನವಾಗಿ, ಓಲಾಡದೆ ಏಳುತ್ತದೆ, ಎಣ್ಣೆ ಸೋರಿಲ್ಲ. ಎತ್ತಿದ ತೊಟ್ಟಿಗೆ ಕೊಡುವ ಆಸರೆ ಕಂಬವನ್ನು ಕೇಳದೆಯೇ ಹಾಕಿದ್ದಾರೆ. ಆ ಕಂಬ ಕೊಡದೆ ತೊಟ್ಟಿಯ ಅಡಿಗೆ ತಲೆ ಹಾಕಬಾರದು, ಪೈಪು ಒಡೆದರೆ ತೊಟ್ಟಿ ಒಂದೇ ಸಲಕ್ಕೆ ಕೂರುತ್ತದೆ. ತೊಟ್ಟಿ ಎತ್ತುವ ಮುಂಚೆ ತಲೆಯ ಮೇಲೆ ಕರೆಂಟು ತಂತಿ ಇದೆಯೇ ಎಂದು ನೋಡುವುದು, ಓರೆ ನೆಲದಲ್ಲಿ ಎತ್ತದಿರುವುದು ಎಲ್ಲರಿಗೂ ತಿಳಿದ ಮಾತು. ಬಣ್ಣ ಸಾಧಾರಣ, ಗೊಬ್ಬರ ಹೇರಿದ ಮೂಲೆಗಳಲ್ಲಿ ಆಗಲೇ ಎದ್ದಿದೆ.

ಟ್ರೇಲರ್‌ನಲ್ಲಿ ಜನರನ್ನು ಕೂರಿಸುವುದರ ಬಗ್ಗೆ ವಿಮರ್ಶೆಯಲ್ಲಿ ಬರೆಯಬೇಕೇ ಎಂದು ಕೆಲವರಿಗೆ ಅನಿಸಬಹುದು. ಜಾತ್ರೆಗೆ, ಮದುವೆಗೆ, ನಾಟಿಗೆ ಹೋಗುವ ಹೆಂಗಸರು ಮಕ್ಕಳನ್ನು ಇದೇ ತೊಟ್ಟಿಯಲ್ಲಿ ಕರೆದೊಯ್ಯುವುದನ್ನು ನಾವೆಲ್ಲ ನೋಡಿದ್ದೇವೆ, ಆದ್ದರಿಂದ ಬರೆಯಲೇಬೇಕು. ಓಡುವಾಗ ಹಿಡಿಯುವ ಬ್ರೇಕಿಲ್ಲದ, ಹಿಡಿದುಕೊಳ್ಳಲು ಒಂದು ಸರಳೂ ಇಲ್ಲದ ಈ ತೊಟ್ಟಿ ಸರಕಿಗೆಂದು ಮಾಡಿದ್ದು. ಜನರನ್ನು ಕೂರಿಸುವುದು ಕಾನೂನಿಗೆ ವಿರುದ್ಧ, ಅಪಘಾತವಾದರೆ ವಿಮೆಯನ್ನು ನಂಬಿಕೊಳ್ಳುವಂತಿಲ್ಲ. ಮಡ್‌ಗಾರ್ಡಿನ ಮೇಲೆ, ಕೊಂಡಿಯ ಮೇಲೆ ಆಳುಗಳನ್ನು ನಿಲ್ಲಿಸಿಕೊಳ್ಳುವುದು ಅದಕ್ಕಿಂತಲೂ ಕೆಟ್ಟದ್ದು; ಅಲ್ಲಿಂದ ಜಾರಿದವರು ಬೀಳುವುದು ನೇರವಾಗಿ ಟ್ರೇಲರ್‌ನ ಗಾಲಿಯ ದಾರಿಗೆ.

ಬೆಲೆ ತೆರಿಗೆ ಸೇರಿ ಒಂದೂವರೆ ಲಕ್ಷ ರೂಪಾಯಿಯ ಸಮೀಪವಾಯಿತು. ಸರಪಳಿ, ದೀಪದ ಹಲಗೆ, ಅರ್ಥ್ ವೈರು, ಮರದ ಅಡ್ಡೆ, ಬಿಡಿ ಪಿನ್ನು ಎಲ್ಲ ಸೇರಿದರೂ ಅದರ ಮೇಲೆ ಬಿದ್ದ ಖರ್ಚು ಒಂದು ಹೊಸ ಟೈರಿನ ಬೆಲೆಯಷ್ಟಾಗಲಿಲ್ಲ. ಟ್ರೇಲರ್‌ಗೆ ಟ್ರ್ಯಾಕ್ಟರ್‌ನಿಂದ ಬೇರೆಯಾದ ನೋಂದಣಿ ಬೇಕು. ಅದಕ್ಕೆ ಆರ್‌ಟಿಒ ಕಚೇರಿಯಲ್ಲಿ ಕೇಳುವ ಕಾಗದಪತ್ರಗಳನ್ನು ವರ್ಕ್‌ಶಾಪಿನವರು ಕೊಡಬಲ್ಲರೇ ಎಂಬುದನ್ನು ಮುಂಗಡ ಕೊಡುವ ಮೊದಲೇ ಕೇಳಿ ಖಚಿತಪಡಿಸಿಕೊಳ್ಳಬೇಕು. ಎಲ್ಲ ವರ್ಕ್‌ಶಾಪುಗಳಲ್ಲಿಯೂ ಅವು ಸಿಗುತ್ತವೆ ಎಂದು ನಂಬಬಾರದು. ನಮಗೆ ಕೊಟ್ಟರು, ಚಾಸಿ ಸಂಖ್ಯೆಯನ್ನು ಎರಡು ಕಡೆ ಕೆತ್ತಿಯೂ ಕೊಟ್ಟರು.

ದಿನಕ್ಕೊಂದೆರಡು ಹೇರು ಹೊಡೆಯುವ, ಸಮತಟ್ಟು ರಸ್ತೆಯ ಸಣ್ಣ ಹಿಡುವಳಿದಾರರಿಗೆ ಈ ಟ್ರೇಲರ್ ಸರಿಹೊಂದುತ್ತದೆ. ದಿನವಿಡೀ ಸಕ್ಕರೆ ಕಾರ್ಖಾನೆಗೆ ಕಬ್ಬು ಸಾಗಿಸುವವರು, ಮೇಲುಕೋಟೆ ಕಡೆಯ ಇಳಿಜಾರಿನಲ್ಲಿ ಪದೇ ಪದೇ ಓಡಾಡುವವರು ಓಡುವಾಗ ಹಿಡಿಯುವ ಬ್ರೇಕಿರುವ ಟ್ರೇಲರನ್ನೇ, ಅದಕ್ಕೆ ತಕ್ಕ ಟ್ರ್ಯಾಕ್ಟರಿನ ಜೊತೆ ಕೊಳ್ಳಬೇಕು. ಮಾಡಿಸುವ ಮನಸ್ಸಿದ್ದವರು ಮಳೆಗಾಲದಲ್ಲಿಯೇ ಆರ್ಡರ್ ಕೊಡುವುದು ಒಳ್ಳೆಯದು. ದಸರಾ ಕಳೆದ ಮೇಲೆ ವರ್ಕ್‌ಶಾಪಿನಲ್ಲಿ ಕೆಲಸ ಮುಗಿಬಿದ್ದು, ಹಬ್ಬಿಗೆ ಗ್ರೀಸು ತುಂಬುವುದು, ಮುಚ್ಚಳ ಬಡಿಯುವುದು ಮೊದಲಾದ ಕೊನೆಯ ಕೆಲಸಗಳೆಲ್ಲ ಅವಸರದಲ್ಲಿ ನಡೆಯುತ್ತವೆ.